ಮಹಾವೀರಾಚಾರ್ಯ

ಮಹಾವೀರಾಚಾರ್ಯರು 9ನೆಯ ಶತಮಾನದ ಜೈನ ಗಣಿತಜ್ಞರು. ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಗ್ರಂಥಾರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಆದ್ದರಿಂದ ಇವರು ಆತನ ಆಶ್ರಯದಲ್ಲಿದ್ದರೆಂದು ವಿದ್ವಾಂಸರು ಭಾವಿಸುತ್ತಾರೆ. ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಒಂಬತ್ತು ಅಧ್ಯಾಯಗಳ ಈ ಗ್ರಂಥದ ಮೊದಲ ಅಧ್ಯಾಯವು ಉದ್ದ, ಕಾಲ, ಧಾನ್ಯ ಹಾಗೂ ಚಿನ್ನದ ಅಳತೆಯ ಮಾನಗಳನ್ನು ವಿವರಿಸುತ್ತದೆ. 'ಕಲಾಸವರ್ಣ' ಎಂಬ ಅಧ್ಯಾಯವು ಭಿನ್ನರಾಶಿಗಳಿಗೆ ಮೀಸಲು. ಭಿನ್ನರಾಶಿಯಿಂದ ಭಾಗಿಸುವಾಗ ಭಾಜಕದ ಅಂಶ ಮತ್ತು ಛೇದಗಳನ್ನು ಅದಲುಬದಲು ಮಾಡಿ ಗುಣಿಸಬೇಕೆಂಬ ನಿಯಮವನ್ನು ಇವರು ಇಲ್ಲಿ ನಿರೂಪಿಸಿದ್ದಾರೆ. ಈ ನಿಯಮವು ಇವರಿಗಿಂತ ಹಿಂದಿನ ಬ್ರಹ್ಮಗುಪ್ತನಿಗೂ ತಿಳಿದಿತ್ತು. ಇಂದಿನ ರೀತಿಯಲ್ಲಿ ಹೇಳುವುದಾದರೆ, 6 ಮೊಳ ಬಟ್ಟೆಯನ್ನು ಮುಕ್ಕಾಲು ಮೊಳದ ತುಂಡುಗಳಾಗಿ ಕತ್ತರಿಸಿದರೆ 6 ÷ 3/4 = 6 × 4/3 = 8 ತುಂಡುಗಳು ದೊರೆಯುತ್ತವೆ. ಭಿನ್ನರಾಶಿಗಳನ್ನು ಸಮಚ್ಛೇದಗೊಳಿಸಲು ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಂಡುಹಿಡಿಯುವ ಕ್ರಮವನ್ನೂ ಇವರು ನೀಡಿದ್ದಾರೆ. ಅದನ್ನು 'ನಿರುದ್ಧ' ಎಂದು ಕರೆದಿದ್ದಾರೆ.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದು ಎಂಬ ಇವರ ಅಭಿಪ್ರಾಯವು ತಪ್ಪು. ಸೊನ್ನೆಗೆ ವ್ಯುತ್ಕ್ರಮವಿಲ್ಲದ ಕಾರಣ ಅದಲುಬದಲು ಮಾಡುವ ನಿಯಮವು ಅಲ್ಲಿ ಅನ್ವಯಿಸುವುದಿಲ್ಲ.

ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದವು ಮದರಾಸಿನಲ್ಲಿ ಪ್ರಕಟವಾಯಿತು.