ಮರಿಯನ್ ಆಂಡರ್‌ಸನ್: ಬಡವರ ಕಾಣಿಕೆಯಲ್ಲಿ ಬೆಳೆದ ಕಂಠ

ಒಪೆರಾ ಎಂದರೆ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹಾಡಿಯೇ ಹೇಳುವ ಯುರೋಪಿನ ನಾಟಕ. ಶ್ರೀಕೃಷ್ಣ ಪಾರಿಜಾತ, ಸಣ್ಣಾಟ ನೋಡಿ ಬೆಳೆದ ನಮ್ಮ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 1883ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ಕಪ್ಪು ಜನಾಂಗದ ಗಾಯಕಿಯೊಬ್ಬರು ಮೊದಲ ಬಾರಿಗೆ ಪಾತ್ರ ವಹಿಸಿ ಹಾಡಿದ್ದು 1955ರಲ್ಲಿ. ಅವರೇ ಮರಿಯನ್ ಆಂಡರ್‌ಸನ್. ಅವರು ಕಥೋಲಿಕರಲ್ಲ, ಬ್ಯಾಪ್ಟಿಸ್ಟ್ ಸಭೆಯವರು. ಆದರೂ ಈ ಸಂಚಿಕೆಯಲ್ಲಿ ಅವರನ್ನು ನೆನೆಯಲು ಕಾರಣವಿದೆ: ಅವರ ಕಂಠವನ್ನು ಬೆಳೆಸಿದವರು ದೇವಾಲಯದ ಬಡ ಜನ.

ಅವರು ಹುಟ್ಟಿದ್ದು 1897ರ ಫೆಬ್ರವರಿ 27ರಂದು, ಫಿಲಡೆಲ್ಫಿಯ ನಗರದಲ್ಲಿ. ತಂದೆ ಮಾರುಕಟ್ಟೆಯಲ್ಲಿ ಮಂಜುಗಡ್ಡೆ, ಕಲ್ಲಿದ್ದಲು ಮಾರುತ್ತಿದ್ದರು. ಕೆಲಸದ ಸ್ಥಳದಲ್ಲಿ ತಲೆಗೆ ಪೆಟ್ಟಾಗಿ, ಮಗಳು ಇನ್ನೂ ಚಿಕ್ಕವಳಿರುವಾಗಲೇ ತೀರಿಕೊಂಡರು. ತಾಯಿ ಪರರ ಬಟ್ಟೆ ಒಗೆದು, ದೊಡ್ಡ ಅಂಗಡಿಯೊಂದರ ನೆಲ ಒರೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದರು. ಮುಂದೆ ಸಂಪಾದನೆ ಬಂದಾಗ ಮರಿಯನ್ ಆ ಅಂಗಡಿಗೆ ತಾವೇ ಫೋನು ಮಾಡಿ, ತಾಯಿ ಇನ್ನು ಕೆಲಸಕ್ಕೆ ಬರುವುದಿಲ್ಲವೆಂದು ತಿಳಿಸಿದರಂತೆ. ಝುವಾರಿನಗರದ ಎಷ್ಟೋ ತಾಯಂದಿರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಆರನೆಯ ವಯಸ್ಸಿನಲ್ಲೇ ಆಕೆ ಯೂನಿಯನ್ ಬ್ಯಾಪ್ಟಿಸ್ಟ್ ದೇವಾಲಯದ ಮಕ್ಕಳ ಗಾನವೃಂದ ಸೇರಿದರು. ಸಂಗೀತ ಶಾಲೆಗೆ ಅರ್ಜಿ ಕೇಳಲು ಹೋದಾಗ ಬಣ್ಣದ ಕಾರಣಕ್ಕೆ ಹಿಂದೆ ಕಳುಹಿಸಿದರು. ಆಗ ದೇವಾಲಯದ ಜನ ಕೈಕಟ್ಟಿ ಕೂರಲಿಲ್ಲ. ತಾವೇ ಕೂಲಿನಾಲಿಯವರಾಗಿದ್ದರೂ ಚಿಲ್ಲರೆ ಕಾಣಿಕೆ ಕೂಡಿಸಿ, ಸಹಾಯಾರ್ಥ ಕಛೇರಿ ನಡೆಸಿ, ಜೂಸೆಪ್ಪೆ ಬೊಗೆಟ್ಟಿ ಎಂಬ ಒಳ್ಳೆಯ ಗುರುವಿನ ಬಳಿ ಪಾಠ ಹೇಳಿಸಿದರು. 1925ರಲ್ಲಿ ಸುಮಾರು 300 ಮಂದಿಯ ಸ್ಪರ್ಧೆಯಲ್ಲಿ ಗೆದ್ದು ಅವರು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ಹಾಡಿದರು. ಆದರೂ ತಾಯ್ನಾಡಿನಲ್ಲಿ ಬಾಗಿಲುಗಳು ತೆರೆಯಲಿಲ್ಲ. ಹೆಸರು ತಂದುಕೊಟ್ಟದ್ದು ಯುರೋಪು. 1935ರಲ್ಲಿ ಸಾಲ್ಜ್‌ಬರ್ಗಿನಲ್ಲಿ ಹಾಡಿದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರು ಮುಂದಿನ ಸಾಲಿನಲ್ಲೇ ಕುಳಿತಿದ್ದು, ಶೂಬರ್ಟ್‌ನ ಆವೆ ಮರಿಯ ಗೀತೆಯನ್ನು ಇನ್ನೊಮ್ಮೆ ಹಾಡಿಸಿದರು.

1939ರಲ್ಲಿ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಶನ್ ಹಾಲ್ ಅವರಿಗೆ ಸಿಗಲಿಲ್ಲ. ಅದರ ಒಡೆತನದ ಮಹಿಳಾ ಸಂಘವು ಕಪ್ಪು ಕಲಾವಿದರನ್ನು ಒಳಗೆ ಬಿಡುತ್ತಿರಲಿಲ್ಲ. ರಾಷ್ಟ್ರಾಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರವೇ ಲಿಂಕನ್ ಸ್ಮಾರಕದ ಮೆಟ್ಟಿಲುಗಳನ್ನು ಬಿಟ್ಟುಕೊಟ್ಟಿತು. ಏಪ್ರಿಲ್ 9, ಪುನರುತ್ಥಾನದ ಭಾನುವಾರ. ಚಳಿಗಾಳಿಯಲ್ಲಿ 75,000 ಜನ ನಿಂತು ಕೇಳಿದರು. ಹಾಡಿದ್ದು ಅರ್ಧ ಗಂಟೆಯಷ್ಟೇ. ಅಂದೂ ಆವೆ ಮರಿಯ ಇತ್ತು. ತಮ್ಮನ್ನು ಅವಮಾನಿಸಿದವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಇದನ್ನು ಕೆಲವರು ಅಂಜಿಕೆ ಎಂದರು. ನಮಗೆ ಹಾಗೆ ತೋರುವುದಿಲ್ಲ, ಏಕೆಂದರೆ ಮುಂದೆ ಬಣ್ಣದ ಪ್ರಕಾರ ಜನರನ್ನು ಬೇರೆ ಕೂರಿಸುವ ಸಭಾಂಗಣಗಳಲ್ಲಿ ಅವರು ಹಾಡುವುದನ್ನೇ ಬಿಟ್ಟರು.

ಮೆಟ್ರೊಪಾಲಿಟನ್ನಿನಲ್ಲಿ 1955ರ ಜನವರಿ 7ರಂದು ವೆರ್ದಿಯ ಒಪೆರಾದಲ್ಲಿ ಉಲ್ರಿಕಾ ಎಂಬ ಕಣಿ ಹೇಳುವವಳ ಪಾತ್ರ ಮಾಡಿದಾಗ ಅವರಿಗೆ 57 ವರ್ಷ. ಕಂಠದ ಹರೆಯ ಕಳೆದಿತ್ತು. ತಡವಾಗಿ ಬಂದ ನ್ಯಾಯ ಅದು. ಆದರೆ ಅದೇ ತಿಂಗಳು ರಾಬರ್ಟ್ ಮೆಕ್‌ಫೆರಿನ್, 1961ರಲ್ಲಿ ಲಿಯೊಂಟೀನ್ ಪ್ರೈಸ್ ಅದೇ ರಂಗವನ್ನೇರಿದರು.

1957ರಲ್ಲಿ ಅವರು ಭಾರತಕ್ಕೂ ಬಂದು ದೆಹಲಿಯಲ್ಲಿ ಗಾಂಧೀಜಿಗೆ ಗೌರವ ಸಲ್ಲಿಸಿದರು. ಆಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಅದೇ ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವಾಕ್ಕೆ ತಂದವರ ಸಂತತಿಯವರು ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿಗಳಲ್ಲಿ ಅನೇಕರು. ಅವರಲ್ಲಿ ಬಹಳ ಜನ ನಮ್ಮಂತೆಯೇ ಕಥೋಲಿಕರು, ದಮ್ಮಾಮ್ ಬಾರಿಸಿ ಹಾಡುವವರು. ಅಂಥ ಮನೆಗಳ ಮಕ್ಕಳು ನಮ್ಮ ಬಲಿಪೂಜೆಗೆ ಬಂದಾಗ ಗಾನವೃಂದದ ಹಿಂದಿನ ಸಾಲನ್ನೇ ಹುಡುಕುವುದೇಕೆ ಎಂದು ನಾವು ಕೇಳಿಕೊಂಡಿದ್ದೇವೆಯೇ?

ಫಿಲಡೆಲ್ಫಿಯ ನಗರದ ಗೌರವವಾಗಿ 1941ರಲ್ಲಿ ಬಂದ 10,000 ಡಾಲರ್ ಬಹುಮಾನವನ್ನು ಮರಿಯನ್ ಯುವ ಗಾಯಕರಿಗಾಗಿ ನಿಧಿಯಾಗಿಟ್ಟರು. ಅದರಿಂದ ನೆರವು ಪಡೆದ ಕಮಿಲಾ ವಿಲಿಯಮ್ಸ್, ಗ್ರೇಸ್ ಬಂಬ್ರಿ ಮುಂದೆ ಒಪೆರಾದ ದೊಡ್ಡ ಹೆಸರುಗಳಾದರು. ಮರಿಯನ್ 1993ರ ಏಪ್ರಿಲ್ 8ರಂದು, 96ನೆಯ ವಯಸ್ಸಿನಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ನಿಧನರಾದರು.