ಸಾಬು ದಸ್ತಗೀರ್

ಸಾಬು ದಸ್ತಗೀರ್ (ಜನವರಿ 27, 1924 – ಡಿಸೆಂಬರ್ 2, 1963) ಮೈಸೂರು ಸಂಸ್ಥಾನದಲ್ಲಿ ಜನಿಸಿ, ಬ್ರಿಟಿಷ್ ಹಾಗೂ ಹಾಲಿವುಡ್ ಚಿತ್ರಗಳ ಮೂಲಕ ಜಗತ್ಪ್ರಸಿದ್ಧರಾದ ಚಲನಚಿತ್ರ ನಟರು. ತೆರೆಯ ಮೇಲೆ ಅವರ ಹೆಸರು 'ಸಾಬು' ಎಂದಷ್ಟೇ ಕಾಣಿಸುತ್ತಿತ್ತು. ಹಾಲಿವುಡ್‌ನಲ್ಲಿ ತಾರಾಪಟ್ಟ ಪಡೆದ ಮೊದಲ ಭಾರತೀಯರಲ್ಲಿ ಅವರೊಬ್ಬರು.

ಜನನ ಮತ್ತು ಬಾಲ್ಯ

ಸಾಬು ಹುಟ್ಟಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ಕೊಡಗಿನವರೆಗೂ ಹಬ್ಬಿರುವ ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಈ ಊರು ಆನೆ ಹಿಡಿಯುವ ಖೆಡ್ಡಾಗಳಿಗೆ ಹೆಸರಾಗಿತ್ತು. ತಂದೆ ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತರು. ಬಾಲ್ಯದಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡ ಸಾಬು ಅರಮನೆಯ ಆನೆ ಲಾಯದ ಆಶ್ರಯದಲ್ಲಿ ಬೆಳೆದರು. ದಸ್ತಗೀರ್ ಎಂಬುದು ಮೂಲತಃ ಅವರ ಅಣ್ಣನ ಹೆಸರು. ಮುಂದೆ ವಿದೇಶದಲ್ಲಿ ಅದೇ ಇವರ ಹೆಸರಿಗೂ ಸೇರಿಕೊಂಡಿತು.

ಚಿತ್ರರಂಗ ಪ್ರವೇಶ

ರಡ್ಯಾರ್ಡ್ ಕಿಪ್ಲಿಂಗ್‌ರ ಕಥೆಯೊಂದನ್ನು ಆಧರಿಸಿದ 'ಎಲಿಫೆಂಟ್ ಬಾಯ್' ಚಿತ್ರಕ್ಕಾಗಿ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ, ಅವರ ತಂಡದ ಕಣ್ಣಿಗೆ ಸಾಬು ಬಿದ್ದರು. ಆನೆಯೊಡನೆ ಅವರಿಗಿದ್ದ ಸಹಜ ಸಲಿಗೆಯೇ ಪಾತ್ರವನ್ನು ತಂದುಕೊಟ್ಟಿತು. ಹೊರಾಂಗಣ ದೃಶ್ಯಗಳು ಮೈಸೂರು ಸೀಮೆಯಲ್ಲಿಯೂ ಉಳಿದ ಭಾಗ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಜೋಲ್ಟನ್ ಕೋರ್ಡಾರ ನಿರ್ದೇಶನದಲ್ಲಿಯೂ ಚಿತ್ರಿತವಾದವು. 1937ರಲ್ಲಿ ತೆರೆಕಂಡ ಈ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಲಭಿಸಿತು. ಅಣ್ಣನೊಡನೆ ಇಂಗ್ಲೆಂಡಿಗೆ ತೆರಳಿದ ಸಾಬು ಅಲ್ಲಿಯೇ ಇಂಗ್ಲಿಷ್ ಕಲಿತು, 1938ರ 'ದಿ ಡ್ರಮ್' ಚಿತ್ರದಲ್ಲಿ ರಾಜಕುಮಾರನಾಗಿ ಅಭಿನಯಿಸಿದರು.

ಹಾಲಿವುಡ್ ವರ್ಷಗಳು

ಬ್ರಿಟನ್ನಿನಲ್ಲಿ ಆರಂಭವಾದ 'ದಿ ಥೀಫ್ ಆಫ್ ಬಾಗ್ದಾದ್' (1940) ಎರಡನೆಯ ಮಹಾಯುದ್ಧದ ಕಾರಣ ಅಮೆರಿಕದಲ್ಲಿ ಪೂರ್ಣಗೊಂಡಿತು. ಅದರಲ್ಲಿ ಸಾಬು ವಹಿಸಿದ ಅಬು ಎಂಬ ಕಳ್ಳ ಹುಡುಗನ ಪಾತ್ರ ಇಂದಿಗೂ ಹಳೆಯ ಚಿತ್ರಗಳ ಅಭಿಮಾನಿಗಳಿಗೆ ಅಚ್ಚುಮೆಚ್ಚು. ಚಿತ್ರಕ್ಕೆ ಮೂರು ಆಸ್ಕರ್ ಪ್ರಶಸ್ತಿಗಳು ಬಂದವು. 1942ರ 'ಜಂಗಲ್ ಬುಕ್'ನಲ್ಲಿ ಅವರು ಮೋಗ್ಲಿಯಾದರು. ಆ ಬಳಿಕ ಯೂನಿವರ್ಸಲ್ ಸಂಸ್ಥೆಯ 'ಅರೇಬಿಯನ್ ನೈಟ್ಸ್' (1942), 'ಕೋಬ್ರಾ ವುಮನ್' (1944) ಮೊದಲಾದ ವರ್ಣಚಿತ್ರಗಳಲ್ಲಿ ಮಾರಿಯಾ ಮಾಂಟೆಜ್ ಮತ್ತು ಜಾನ್ ಹಾಲ್ ಅವರೊಡನೆ ಕಾಣಿಸಿಕೊಂಡರು. ಆದರೆ ಈ ಚಿತ್ರಗಳಲ್ಲಿ ನಾಯಕನ ಸ್ಥಾನ ಹಾಲ್‌ರದು. ಸಾಬು ನಾಯಕನ ಗೆಳೆಯನಾಗಿಯೇ ಉಳಿದರು.

ಸೇನಾ ಸೇವೆ

1944ರಲ್ಲಿ ಅಮೆರಿಕದ ಪೌರತ್ವ ಪಡೆದ ಸಾಬು ಅಲ್ಲಿನ ಸೇನೆಯ ವಾಯುಪಡೆಯನ್ನು ಸೇರಿದರು. ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ, ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕಕ್ಕೆ ಪಾತ್ರರಾದರು.

ಯುದ್ಧಾನಂತರದ ಬದುಕು

1947ರ 'ಬ್ಲ್ಯಾಕ್ ನಾರ್ಸಿಸಸ್' ಅವರ ಯುದ್ಧಾನಂತರದ ಪ್ರಮುಖ ಚಿತ್ರ. ಮುಂದೆ ಒಳ್ಳೆಯ ಅವಕಾಶಗಳು ವಿರಳವಾದವು. ಬಾಲಕನಾಗಿ ಅವರನ್ನು ಮೆರೆಸಿದ್ದ ಚಿತ್ರೋದ್ಯಮ, ಪ್ರಾಯದ ಭಾರತೀಯ ನಟನಿಗೆ ಕಾಡು, ಆನೆ, ಹುಲಿಗಳ ಕಥೆಗಳಾಚೆ ಹೆಚ್ಚಿನ ಪಾತ್ರಗಳನ್ನು ನೀಡಲಿಲ್ಲ. 1950ರ ದಶಕದ ಆರಂಭದಲ್ಲಿ ಅವರು ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆಗಳೊಡನೆ ಪ್ರದರ್ಶನ ನೀಡಿದರು. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಅವರನ್ನು ಬಯಸಿದ್ದರೂ ಅದು ಕೈಗೂಡದೆ, ಪಾತ್ರ ಸುನಿಲ್ ದತ್ ಅವರ ಪಾಲಾಯಿತು. ಹೀಗೆ ತಾಯ್ನಾಡಿನ ಚಿತ್ರರಂಗದಲ್ಲಿ ನೆಲೆ ಕಾಣುವ ಅವಕಾಶ ತಪ್ಪಿಹೋಯಿತು.

1948ರಲ್ಲಿ ಅವರು ನಟಿ ಮರ್ಲಿನ್ ಕೂಪರ್‌ರನ್ನು ವಿವಾಹವಾದರು. ದಂಪತಿಗಳಿಗೆ ಪಾಲ್ ಮತ್ತು ಜಾಸ್ಮಿನ್ ಎಂಬ ಇಬ್ಬರು ಮಕ್ಕಳು. ಪಾಲ್ ರಾಕ್ ಸಂಗೀತಗಾರರಾದರು. ಜಾಸ್ಮಿನ್ ತಂದೆಯ ಕುಲವೃತ್ತಿಯನ್ನು ನೆನಪಿಸುವಂತೆ ಪ್ರಾಣಿಗಳನ್ನು ಪಳಗಿಸುವ ಕೆಲಸ ಕೈಗೊಂಡರು.

ನಿಧನ ಮತ್ತು ಸ್ಮರಣೆ

ಸಾಬು ತಮ್ಮ 39ನೆಯ ವಯಸ್ಸಿನಲ್ಲಿ ಲಾಸ್ ಏಂಜಲಿಸ್‌ನ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಹಾಲಿವುಡ್ ಹಿಲ್ಸ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರ ಕೊನೆಯ ಚಿತ್ರ, ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್', ಮರಣಾನಂತರ 1964ರಲ್ಲಿ ಬಿಡುಗಡೆಯಾಯಿತು. ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ಅವರ ಹೆಸರಿನ ನಕ್ಷತ್ರವಿದೆ. 'ಎಲಿಫೆಂಟ್ ಬಾಯ್' ಚಿತ್ರದಲ್ಲಿ ಅವರ ಹುಟ್ಟೂರ ಸೀಮೆಯ ಅಂದಿನ ಕಾಡು, ಆನೆಗಳನ್ನು ಇಂದಿಗೂ ನೋಡಬಹುದು.