ಸ್ಯಾಂಡೊ ಮಾಡಿದ್ದೇನು, ಮಾರಿದ್ದೇನು?

ತೋಳಿಲ್ಲದ ಬನಿಯನ್ ಬೇಕಾದರೆ ಇವತ್ತಿಗೂ ಅಂಗಡಿಯಲ್ಲಿ ಸ್ಯಾಂಡೊ ಬನಿಯನ್ ಕೊಡಿ ಅಂತಲೇ ಕೇಳ್ತೇವೆ. ತಮಿಳು ಚಿತ್ರ ನಿರ್ಮಾಪಕ ಚಿನ್ನಪ್ಪ ದೇವರ್ ಹೆಸರಿನ ಮುಂದೆಯೂ ಸ್ಯಾಂಡೊ ಇತ್ತು. ಈ ಸ್ಯಾಂಡೊ ನಿಜಕ್ಕೂ ಬದುಕಿದ್ದ ಒಬ್ಬ ಮನುಷ್ಯ. ಆತ ಸತ್ತದ್ದು 1925ರಲ್ಲಿ. ಆದರೆ ಇವತ್ತು ಜಿಮ್‌ಗೆ ಹೊಸದಾಗಿ ಸೇರಿದವರ ಫೋನಿನಲ್ಲಿ ಸಾಲುಸಾಲಾಗಿ ಬರುವ ರೀಲ್ಸ್, ಆನ್‌ಲೈನ್ ಕೋರ್ಸು, ಪ್ರೋಟೀನ್ ಡಬ್ಬದ ಜಾಹೀರಾತು, ಇವೆಲ್ಲದರ ಮೂಲಪುರುಷ ಯಾರು ಅಂತ ಹುಡುಕಿದರೆ ಆತನ ಹತ್ತಿರವೇ ಹೋಗಿ ನಿಲ್ಲಬೇಕಾಗುತ್ತದೆ.

ಆತನ ಬದುಕಿನಲ್ಲಿ ನನಗೆ ಎದ್ದು ಕಾಣುವುದು ಒಂದೇ ವಿಷಯ. ತಾನು ಬಲ ಗಳಿಸಿದ ದಾರಿ ಒಂದು, ಜನರಿಗೆ ಮಾರಿದ ದಾರಿ ಇನ್ನೊಂದು.

ಅಟಿಲಾ ಕಲಿಸಿದ ಪಾಠ

ಯೂಜೆನ್ ಸ್ಯಾಂಡೊ ಹುಟ್ಟಿದ್ದು 1867ರಲ್ಲಿ, ಆಗಿನ ಪ್ರಶ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ. ಅದು ಈಗ ರಷ್ಯಾದ ಕಲಿನಿನ್‌ಗ್ರಾಡ್. ಅಪ್ಪ ಅಮ್ಮ ಇಟ್ಟ ಹೆಸರು ಫ್ರೀಡ್ರಿಕ್ ವಿಲ್ಹೆಲ್ಮ್ ಮ್ಯುಲರ್. ಚಿಕ್ಕವನಿದ್ದಾಗ ತಾನು ನರಪೇತಲನಾಗಿದ್ದೆ, ಅಪ್ಪನ ಜೊತೆ ಇಟಲಿಗೆ ಹೋಗಿ ಹಳೆಯ ಕಾಲದ ವೀರರ ಶಿಲ್ಪಗಳನ್ನು ಕಂಡ ಮೇಲೆ ಮೈ ಬೆಳೆಸುವ ಹುಚ್ಚು ಹಿಡಿಯಿತು ಅಂತ ಆತ ಹೇಳಿಕೊಳ್ಳುತ್ತಿದ್ದ. ಜೀವನಚರಿತ್ರೆ ಬರೆದವರು ಈ ಕಥೆಯನ್ನು ಅಷ್ಟಾಗಿ ನಂಬುವುದಿಲ್ಲ. ಆದರೆ ಮೊದಲು ಹೀಗಿದ್ದೆ, ಆಮೇಲೆ ಹೀಗಾದೆ ಅನ್ನುವ ಆ ಕಥೆಯ ಅಚ್ಚು ಇವತ್ತಿಗೂ ಮಾರಾಟವಾಗುತ್ತಿದೆ. ಒಂದೇ ಫ್ರೇಮಿನಲ್ಲಿ ಎರಡು ಫೋಟೊ ಹಾಕುತ್ತಾರಲ್ಲ, ಅದೇ.

ಸೈನ್ಯದ ಕಡ್ಡಾಯ ಸೇವೆ ತಪ್ಪಿಸಿಕೊಳ್ಳಲು ಹದಿನೆಂಟರ ಆಸುಪಾಸಿನಲ್ಲಿ ಊರು ಬಿಟ್ಟು ಸರ್ಕಸ್ ಕಂಪನಿಗಳ ಜೊತೆ ತಿರುಗಿದ. ಬ್ರಸೆಲ್ಸ್‌ನಲ್ಲಿ ಸಿಕ್ಕ ಗುರುವೇ ಲೂಯಿ ಅಟಿಲಾ ಎಂಬ ವ್ಯಾಯಾಮ ಶಿಕ್ಷಕ. ಸ್ಯಾಂಡೊನ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ. ಅಟಿಲಾ ಆತನಿಗೆ ಭಾರವಾದ ಬಾರ್‌ಬೆಲ್ ಎತ್ತುವುದನ್ನು ಅಭ್ಯಾಸ ಮಾಡಿಸಿದ. ಒಂದೇ ಕೈಯಲ್ಲಿ, ಮೈಯನ್ನು ಪಕ್ಕಕ್ಕೆ ಬಾಗಿಸಿ ನೂರು ಕೆ.ಜಿ.ಗೂ ಹೆಚ್ಚು ತೂಕವನ್ನು ತಲೆಯ ಮೇಲೆತ್ತುವ ಮಟ್ಟಕ್ಕೆ ಸ್ಯಾಂಡೊ ಬೆಳೆದ. ಅದು ಯಾವ ಯಂತ್ರದ ಮಾಯೆಯೂ ಅಲ್ಲ. ಗುರು, ಭಾರ, ವರ್ಷಗಳ ಅಭ್ಯಾಸ, ಅಷ್ಟೆ.

ದೇಹವೇ ಪ್ರದರ್ಶನ

1889ರ ಕೊನೆಗೆ ಲಂಡನ್‌ನಲ್ಲಿ ಸ್ಯಾಂಪ್ಸನ್ ಎಂಬ ಬಲಶಾಲಿ ವೇದಿಕೆಯ ಮೇಲೆ ಸವಾಲು ಹಾಕುತ್ತಿದ್ದ. ತನ್ನನ್ನು ಸೋಲಿಸಿದವರಿಗೆ 500 ಪೌಂಡ್ ಬಹುಮಾನ. ಮೊದಲು ಆತನ ಶಿಷ್ಯನನ್ನು, ಆಮೇಲೆ ಆತನನ್ನೇ ಸೋಲಿಸಿದ ಸ್ಯಾಂಡೊ ರಾತ್ರೋರಾತ್ರಿ ಹೆಸರುವಾಸಿಯಾದ. 1893ರಲ್ಲಿ ಅಮೆರಿಕಕ್ಕೆ ಹೋದಾಗ ಷಿಕಾಗೊದಲ್ಲಿ ಫ್ಲಾರೆಂಜ್ ಜೀಗ್‌ಫೆಲ್ಡ್ ಎಂಬ ಯುವ ಪ್ರದರ್ಶಕ ಒಂದು ವಿಷಯ ಗಮನಿಸಿದ. ಜನ ಆತ ಎತ್ತುವ ಭಾರಕ್ಕಿಂತ ಆತನ ಮೈಕಟ್ಟನ್ನು ನೋಡಲು ಬರುತ್ತಿದ್ದರು. ಅಲ್ಲಿಂದ ಮುಂದೆ ಸ್ನಾಯು ತೋರಿಸುವುದೇ ಕಾರ್ಯಕ್ರಮದ ಮುಖ್ಯ ಭಾಗವಾಯಿತು. 1894ರಲ್ಲಿ ಎಡಿಸನ್ ಸ್ಟುಡಿಯೊ ಆತನ ಭಂಗಿಗಳನ್ನು ಚಿತ್ರೀಕರಿಸಿತು. ಸಿನಿಮಾ ಎಂಬುದು ಕಣ್ಣು ಬಿಡುತ್ತಿದ್ದಾಗಲೇ ಕ್ಯಾಮೆರಾ ಮುಂದೆ ಸ್ನಾಯು ಬಿಗಿದು ತೋರಿಸಿದವನು ಇವನು.

ಐದು ಪೌಂಡಿನ ವ್ಯಾಪಾರ

1897ರಲ್ಲಿ ಲಂಡನ್‌ನ ಸೇಂಟ್ ಜೇಮ್ಸ್ ಸ್ಟ್ರೀಟ್‌ನಲ್ಲಿ ದೊಡ್ಡ ವ್ಯಾಯಾಮ ಸಂಸ್ಥೆ ತೆರೆದ. ಬಲ ಪಡೆಯುವುದು ಹೇಗೆ ಎಂಬ ಪುಸ್ತಕ ಬರೆದ. ಮರುವರ್ಷ ಪತ್ರಿಕೆ ಶುರುಮಾಡಿದ. ದೂರದ ಊರಿನವರಿಗೆ ಅಂಚೆಯಲ್ಲಿ ಪಾಠ. ಗೋಡೆಗೆ ಸಿಕ್ಕಿಸಿ ಎಳೆಯುವ ಸಾಧನ, ನಡುವೆ ಸ್ಪ್ರಿಂಗ್ ಇಟ್ಟು ಎರಡು ಹೋಳಾಗಿ ಮಾಡಿದ ಡಂಬೆಲ್, ಕೊನೆಗೆ ಕೋಕೊ ಪುಡಿಯೂ ಬಂತು. ಎಲ್ಲದರ ಮೇಲೂ ಸ್ಯಾಂಡೊ ಹೆಸರು.

ಪುಸ್ತಕದಲ್ಲಿ ವಯಸ್ಸಿಗೆ ತಕ್ಕ ಕೋಷ್ಟಕಗಳಿದ್ದವು. ಯಾವ ವ್ಯಾಯಾಮ ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಎಷ್ಟು ಹೆಚ್ಚಿಸಬೇಕು, ಎಲ್ಲವೂ ಲೆಕ್ಕ. ಆದರೆ ತೂಕ ಮಾತ್ರ ಬಹಳ ಹಗುರ. ದೊಡ್ಡವರಿಗೂ ಐದು ಪೌಂಡ್ ಆಸುಪಾಸು, ಅಂದರೆ ಎರಡೂಕಾಲು ಕೆ.ಜಿ. ತಾನು ನೂರು ಕೆ.ಜಿ. ಎತ್ತಿ ಬೆಳೆಸಿದ ಮೈಯನ್ನು ತೋರಿಸಿ ಜನರ ಕೈಗೆ ಎರಡೂಕಾಲು ಕೆ.ಜಿ. ಕೊಟ್ಟ. ಮನಸ್ಸಿಟ್ಟು ಮಾಡಿದರೆ ಸಾಕು, ಸ್ನಾಯು ತಾನಾಗಿ ಬೆಳೆಯುತ್ತದೆ ಎಂಬುದು ಆತನ ಬೋಧನೆ. ಹಗುರ ಡಂಬೆಲ್ ಅಂಚೆಯಲ್ಲಿ ಕಳಿಸಬಹುದು, ಭಾರದ ಬಾರ್‌ಬೆಲ್ ಕಳಿಸುವುದು ಕಷ್ಟ ಅನ್ನುವುದೂ ಇಲ್ಲಿ ನೆನಪಿರಲಿ.

ಪೂರ್ತಿ ದಣಿಯುವವರೆಗೆ ಮಾಡಿದರೆ ಹಗುರ ತೂಕದಿಂದಲೂ ಸ್ನಾಯು ಬೆಳೆಯುತ್ತದೆ, ನಿಜ. ಆದರೆ ಬಲ ಬೇಕಾದವರು ಭಾರ ಏರಿಸದೆ ಬಹಳ ದೂರ ಹೋಗಲಾರರು. ಎಂಜಿನಿಯರಿಂಗ್ ಓದಿದ ನನಗೆ ಇದು ಬಹಳ ಇಷ್ಟವಾಗುವ ವ್ಯತ್ಯಾಸ. ಉಕ್ಕಿನ ತೊಲೆಯ ಮೇಲೆ ಎಷ್ಟು ಭಾರ ಹೇರಿದರೂ ಅದು ದಪ್ಪವಾಗುವುದಿಲ್ಲ. ಸ್ನಾಯು ಮಾತ್ರ ಬಿದ್ದ ಭಾರಕ್ಕೆ ಉತ್ತರವಾಗಿ ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ. ಭಾರ ಬದಲಾಗದಿದ್ದರೆ ಕಟ್ಟುವ ಕೆಲಸವೂ ನಿಲ್ಲುತ್ತದೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಹೀಗೆ ಭಾರ ಏರಿಸುತ್ತಾ ವ್ಯಾಯಾಮ ಮಾಡಿಸಿ, 1945ರಲ್ಲಿ ಅದರ ಫಲಿತಾಂಶ ಪ್ರಕಟಿಸಿದ. ಜಿಮ್‌ಗಳಲ್ಲಿ ಹತ್ತರಂತೆ ಮೂರು ಸೆಟ್ ಅನ್ನುವ ಲೆಕ್ಕ ಅಷ್ಟು ಗಟ್ಟಿಯಾಗಿ ಬೇರೂರಿದ್ದರ ಹಿಂದೆ ಆತನ ಕೆಲಸವಿದೆ.

ಸಾಮ್ರಾಜ್ಯದ ಮೈಕಟ್ಟು

1901ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸ್ಯಾಂಡೊ ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ಆತನ ಜೊತೆ ತೀರ್ಪುಗಾರರಾಗಿ ಕೂತವರು ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಶೆರ್ಲಾಕ್ ಹೋಮ್ಸ್ ಕಥೆಗಳ ಕರ್ತೃ ಆರ್ಥರ್ ಕಾನನ್ ಡಾಯ್ಲ್. ಗಾತ್ರ ಒಂದನ್ನೇ ನೋಡದೆ ಮೈಯ ಸಮತೋಲ, ಆರೋಗ್ಯ, ಚರ್ಮದ ಸ್ಥಿತಿಗೂ ಅಂಕ ಕೊಟ್ಟರು. ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೆ ಗೆದ್ದ.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೀತಿತ್ತು. ಸೈನ್ಯ ಸೇರಲು ಬಂದ ಕೈಗಾರಿಕಾ ನಗರಗಳ ಯುವಕರಲ್ಲಿ ಬಹಳಷ್ಟು ಮಂದಿ ದೈಹಿಕ ಪರೀಕ್ಷೆಯಲ್ಲೇ ತಿರಸ್ಕೃತರಾಗುತ್ತಿದ್ದರು. ಹೊಟ್ಟೆಗಿಲ್ಲದ ಬಾಲ್ಯ, ಗಾಳಿ ಬೆಳಕಿಲ್ಲದ ಮನೆ, ಬೆನ್ನು ಮುರಿಯುವ ಕಾರ್ಖಾನೆ ದುಡಿಮೆ ಆ ಮೈಗಳನ್ನು ಹಾಗೆ ಮಾಡಿತ್ತು. ಅದಕ್ಕೆ ಸ್ಯಾಂಡೊ ಕೊಟ್ಟ ಪರಿಹಾರ ಡಂಬೆಲ್ ಮತ್ತು ಮನೋಬಲ. ವ್ಯವಸ್ಥೆಯ ಸೋಲನ್ನು ಒಬ್ಬೊಬ್ಬರ ಸೋಮಾರಿತನದ ಲೆಕ್ಕಕ್ಕೆ ಬರೆಯುವ ಈ ಚಾಳಿ ಇನ್ನೂ ಹೋಗಿಲ್ಲ. ಶಿಸ್ತಿದ್ದರೆ ಎಲ್ಲ ಆಗುತ್ತೆ ಅನ್ನುವ ರೀಲ್ಸ್ ಹನ್ನೆರಡು ಗಂಟೆ ಡೆಲಿವರಿ ಗಾಡಿ ಓಡಿಸುವವನ ದಣಿವನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ.

1904-05ರಲ್ಲಿ ಸ್ಯಾಂಡೊ ಭಾರತಕ್ಕೂ ಬಂದ. ಬಂಗಾಳಿಗಳು ಹೆಣ್ಣಿಗರು ಅಂತ ಬ್ರಿಟಿಷರು ಹೀಯಾಳಿಸುತ್ತಿದ್ದ, ಅದಕ್ಕೆ ಉತ್ತರವಾಗಿ ಕಲ್ಕತ್ತಾದ ಯುವಕರು ವ್ಯಾಯಾಮ ಶಾಲೆಗಳಲ್ಲಿ ಬೆವರು ಸುರಿಸುತ್ತಿದ್ದ ಕಾಲ ಅದು. ಸಾಮ್ರಾಜ್ಯದ ಮೆಚ್ಚಿನ ಮಗನ ವಿದ್ಯೆಯನ್ನು ಸಾಮ್ರಾಜ್ಯದ ವಿರೋಧಿಗಳೂ ಎತ್ತಿಕೊಂಡರು. ನಮ್ಮ ಬೆಂಗಳೂರಿನಲ್ಲಿ ಮುಂದೆ ಕೆ.ವಿ. ಅಯ್ಯರ್ ಬಾರ್‌ಬೆಲ್ ಜೊತೆ ಸೂರ್ಯನಮಸ್ಕಾರವನ್ನೂ ಸೇರಿಸಿ ತಮ್ಮದೇ ಪದ್ಧತಿ ಕಟ್ಟಿದರು. ಶಾಂತಲಾ ಕಾದಂಬರಿ ಬರೆದ ಅಯ್ಯರ್ ಅವರೇ ಇವರು.

1911ರಲ್ಲಿ ಐದನೇ ಜಾರ್ಜ್ ದೊರೆ ಸ್ಯಾಂಡೊನನ್ನು ತನ್ನ ವ್ಯಾಯಾಮ ಪ್ರೊಫೆಸರ್ ಆಗಿ ನೇಮಿಸಿದ. ಮೂರು ವರ್ಷ ಕಳೆಯುವಷ್ಟರಲ್ಲಿ ಜರ್ಮನಿಯ ಜೊತೆ ಯುದ್ಧ ಬಂತು. ಜರ್ಮನ್ ಮೂಲದವರ ಮೇಲೆ ದ್ವೇಷ ಹಬ್ಬಿತು, ಕೋಕೊ ಕಂಪನಿ ಮುಳುಗಿತು. 1925ರ ಅಕ್ಟೋಬರ್‌ನಲ್ಲಿ 58ನೇ ವಯಸ್ಸಿಗೆ ತೀರಿಕೊಂಡಾಗ ಸಮಾಧಿಯ ಮೇಲೆ ಹೆಸರಿನ ಕಲ್ಲನ್ನೂ ಇಡಲಿಲ್ಲ. ದಶಕಗಳ ಕಾಲ ಅದು ಹಾಗೇ ಇತ್ತು. ಈಗ ಮಿಸ್ಟರ್ ಒಲಿಂಪಿಯಾ ಗೆದ್ದವರಿಗೆ ಕೊಡುವುದು ಆತನದೇ ಪ್ರತಿಮೆ.

ಹೊಸಬರಿಗೆ ಉಳಿದದ್ದು

ಸ್ಯಾಂಡೊ ಮಾರಿದ್ದನ್ನು ಬದಿಗಿಟ್ಟು ಮಾಡಿದ್ದನ್ನು ನೋಡಿದರೆ ಹೊಸಬರಿಗೆ ಬೇಕಾದ್ದು ಕಡಿಮೆಯೇ. ವಾರಕ್ಕೆ ಎರಡೋ ಮೂರೋ ದಿನ ಸಾಕು. ಕನಿಷ್ಠ ಎರಡು ದಿನ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೂತು ಏಳುವುದು, ನೆಲದಿಂದ ಎತ್ತುವುದು, ತಳ್ಳುವುದು, ಎಳೆಯುವುದು, ಈ ನಾಲ್ಕು ಚಲನೆ ಇರಲಿ. ಎಂಟರಿಂದ ಹನ್ನೆರಡು ಸಲ ಮಾಡಿದಾಗ ಇನ್ನೊಂದೆರಡು ಮಾತ್ರ ಸಾಧ್ಯ ಅನ್ನಿಸುವಷ್ಟು ತೂಕ ಹಿಡಿಯಿರಿ. ಹನ್ನೆರಡು ಸಲೀಸಾದ ಮೇಲೆ ಸ್ವಲ್ಪ ಏರಿಸಿ. ಆಕಾರ ಕೆಟ್ಟರೆ ಇಳಿಸಿ, ಅದರಲ್ಲಿ ಅವಮಾನ ಇಲ್ಲ. ಮೊದಲ ಕೆಲವು ವಾರ ಬಲ ಏರಿದರೂ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ, ಯಾಕೆಂದರೆ ಮೊದಲು ಕಲಿಯುವುದು ನರಮಂಡಲ. ಬಹಳ ಮಂದಿ ಜಿಮ್ ಬಿಡುವುದು ಇದೇ ಹೊತ್ತಿನಲ್ಲಿ.

ಸ್ಯಾಂಡೊ ಪುಸ್ತಕದಿಂದಲೂ ಒಂದನ್ನು ಉಳಿಸಿಕೊಳ್ಳಬಹುದು: ಬರೆದಿಡುವ ಅಭ್ಯಾಸ. ಇಂದು ಎತ್ತಿದ ತೂಕ ಎಷ್ಟು, ಎಷ್ಟು ಸಲ ಅಂತ ನೋಟ್‌ಬುಕ್‌ನಲ್ಲಿ ಗೀಚಿ. ಯಾರಾದರೂ ಬಂದು ಪುಡಿ, ಪ್ಲಾನು, ಯಂತ್ರ ಮಾರಲು ನಿಂತರೆ ಆತನ ಮೈ ನೋಡಬೇಡಿ. ಮೊದಲ ಐದು ವರ್ಷ ಆತ ಏನು ಎತ್ತುತ್ತಿದ್ದ, ಎಲ್ಲಿ ಮಲಗುತ್ತಿದ್ದ, ಏನು ತಿನ್ನುತ್ತಿದ್ದ ಅಂತ ಕೇಳಿ.